ಒಂದು ಹಾರ, ಎರಡು ಹಗ್ಗ

ನಮ್ಮ ಪಕ್ಷ ಒಡೆದ ಮೇಲಿನ ಎರಡನೆಯ ಬೇಸಿಗೆ ಅದು. ಜಿಲ್ಲಾ ಪರಿಷತ್ತಿನ ಚುನಾವಣೆ ಇವತ್ತು ನಾಳೆ ಎನ್ನುತ್ತ ಮುಂದಕ್ಕೆ ಹೋಗುತ್ತಲೇ ಇದ್ದ ಕಾಲ. ಆಗ ನಾನು ಸೊಲ್ಲಾಪುರದ ಜಿಲ್ಲಾ ಕಾರ್ಯಾಲಯದಲ್ಲಿ ಸಂಘಟನಾ ಕಾರ್ಯದರ್ಶಿಯಾಗಿದ್ದೆ. ಹುದ್ದೆಯ ಹೆಸರು ಕೇಳಲು ದೊಡ್ಡದು. ಕೆಲಸವೆಂದರೆ ಜಗಳವಾಡಿದವರಿಗೆ ಫೋನ್ ಮಾಡುವುದು, ಅವರನ್ನು ಒಂದೇ ಕೋಣೆಗೆ ಕರೆತರುವುದು, ಚಹಾ ಆರುವ ಮೊದಲು ಯಾರೂ ಎದ್ದು ಹೋಗದಂತೆ ನೋಡಿಕೊಳ್ಳುವುದು. ನಾನು ನಾಯಕಿಯಲ್ಲ, ಯಾವ ಚುನಾವಣೆಗೂ ನಿಂತವಳಲ್ಲ. ಚಾದರ ಮತ್ತು ಟವೆಲ್ ವ್ಯಾಪಾರ ಮಾಡುವ ಮನೆಯ ಮಗಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಪುಸ್ತಕದಲ್ಲಿ ಓದಿದ್ದನ್ನು ಹತ್ತಿರದಿಂದ ನೋಡುವ ಆಸೆಯಿಂದ ಪಕ್ಷದ ಕಚೇರಿ ಸೇರಿದ್ದೆ.

ಹತ್ತಿರದಿಂದಲೇ ನೋಡಿದೆ. ಈಗಲೂ ರಸ್ತೆಯಲ್ಲಿ ಕ್ರೇನ್ ಕಂಡರೆ ಎದುರು ಬದಿಗೆ ದಾಟುತ್ತೇನೆ. ಮದುವೆಯ ಮಂಟಪದಲ್ಲಿ ಹೂವಿನ ಗೊಂಚಲು ತೂಗುತ್ತಿದ್ದರೆ ಅದರ ಕೆಳಗೆ ಕುರ್ಚಿ ಹಾಕಿಕೊಳ್ಳಲಾರೆ. ಮನೆಯವರು ನಗುತ್ತಾರೆ. ನಗಲಿ. ಅವರು ಅಕ್ಕಲಕೋಟೆಯ ಆ ರಸ್ತೆಯಲ್ಲಿ ಇರಲಿಲ್ಲ.

ಪಕ್ಷ ಒಡೆದಾಗ ಹಳೆಯ ಚಿಹ್ನೆ ಹೊರಟವರ ಪಾಲಾಯಿತು. ಉಳಿದವರಿಗೆ ಹೊಸ ಚಿಹ್ನೆ ಸಿಕ್ಕಿತು. ಹೊಸದನ್ನು ತೋರಿಸಿದರೆ ಹಳ್ಳಿಯ ಮುದುಕರು, 'ಇದು ಯಾರ ಪಾರ್ಟಿದು?' ಎಂದು ಕೇಳುತ್ತಿದ್ದರು. ಕೊರಳಿಗೆ ಹಾಕುವ ಉಪರಣೆಯಿಂದ ಹಿಡಿದು ಘೋಷಣೆಯವರೆಗೆ ಎಲ್ಲವನ್ನೂ ಹೊಸದಾಗಿ ಕಲಿಸಬೇಕಿತ್ತು. ಅದಕ್ಕಿಂತ ಕಷ್ಟದ್ದು ಬೇರೆ ಇತ್ತು. ಹೊರಟವರಲ್ಲಿ ಅನೇಕರು ಅಲ್ಲಿ ಏನೂ ದಕ್ಕದೆ ಒಂದು ವರ್ಷದೊಳಗೆ ಮರಳಿ ಬಂದಿದ್ದರು. ಹೀಗಾಗಿ ಪ್ರತಿ ತಾಲೂಕಿನಲ್ಲೂ ಉಳಿದವರ ಗುಂಪು, ಮರಳಿದವರ ಗುಂಪು ಎಂದು ಎರಡಾದವು. ನಿಜವಾದ ಪಕ್ಷ ಯಾವುದು ಎಂಬ ಪ್ರಶ್ನೆ ಎದುರಾಳಿಗಳಿಗಿಂತ ನಮ್ಮ ನಮ್ಮಲ್ಲೇ ಹೆಚ್ಚು ಉರಿಯುತ್ತಿತ್ತು.

ಅಕ್ಕಲಕೋಟೆ ತಾಲೂಕಿನಲ್ಲಿ ಉಳಿದವರ ಮುಂದಾಳು ಮೈಂದರ್ಗಿಯ ಬಸಲಿಂಗ ಗೌಡರು. ಎಪ್ಪತ್ತರ ಆಸುಪಾಸಿನ ವಯಸ್ಸು, ತೆಳ್ಳನೆಯ ದೇಹ, ಮಾತು ಕಡಿಮೆ. ಪಕ್ಷದ ಕೆಟ್ಟ ದಿನಗಳಲ್ಲಿ ತಾಲೂಕು ಕಚೇರಿಯ ಬಾಗಿಲನ್ನು ದಿನವೂ ತಾವೇ ತೆರೆದು, ಕಸ ಹೊಡೆದು, ಸಂಜೆಯವರೆಗೆ ಒಬ್ಬರೇ ಕೂತು ಎದ್ದು ಹೋದವರು. ಮರಳಿದವರ ಮುಂದಾಳು ದತ್ತಾ ಶೇಟ್, ನಲವತ್ತೈದರ ಒಳಗಿನವನು, ಲಾರಿ ಸಾಗಾಣಿಕೆಯ ವ್ಯವಹಾರದವನು. ಅವನ ಹಿಂದೆ ಹುಡುಗರ ದಂಡು ಇತ್ತು. ಇಪ್ಪತ್ತರ ವಯಸ್ಸಿನಲ್ಲಿ ಗೌಡರ ಪೋಸ್ಟರ್ ಅಂಟಿಸುತ್ತಲೇ ಅವನು ರಾಜಕೀಯಕ್ಕೆ ಬಂದದ್ದು. ಊರೆಲ್ಲ ಶೇಟ್ ಎಂದರೂ ಗೌಡರು ಮಾತ್ರ ದತ್ತು ಎನ್ನುತ್ತಿದ್ದರು. ಅದು ಅವನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಪ್ರದೇಶಾಧ್ಯಕ್ಷರು, ಅಂದರೆ ಪಕ್ಷದ ರಾಜ್ಯ ಮಟ್ಟದ ಅಧ್ಯಕ್ಷರು, ಅಕ್ಕಲಕೋಟೆಯಲ್ಲಿ ಒಗ್ಗಟ್ಟಿನ ಸಮಾವೇಶ, ಏಕತಾ ಮೇಳಾವ, ನಡೆಯಲಿ ಎಂದರು. ಎರಡೂ ಗುಂಪು ಒಂದೇ ವೇದಿಕೆಗೆ ಬರಬೇಕು. ಬರದಿದ್ದರೆ ಇಬ್ಬರೂ ಬೇರೆ ಬೇರೆ ಉಮೇದುವಾರರನ್ನು ನಿಲ್ಲಿಸುತ್ತಾರೆ, ತಾಲೂಕು ಕೈಬಿಟ್ಟು ಹೋಗುತ್ತದೆ. ಇದು ನನ್ನ ತಲೆಯ ಮೇಲೆ ಬಿದ್ದ ಕೆಲಸ.

ಸೊಲ್ಲಾಪುರದ ಕಚೇರಿಯಲ್ಲಿ ಇಬ್ಬರನ್ನೂ ಕೂರಿಸಿದೆ. ಟಿಕೆಟಿನ ಮಾತು ಅರ್ಧ ಗಂಟೆಯಲ್ಲಿ ಮುಗಿಯಿತು, ಅದನ್ನು ಅಧ್ಯಕ್ಷರಿಗೇ ಬಿಟ್ಟರು. ಸಿಕ್ಕಿಬಿದ್ದದ್ದು ಹಾರದಲ್ಲಿ. ನಮ್ಮ ಕಡೆ ದೊಡ್ಡ ನಾಯಕ ಊರಿಗೆ ಬಂದರೆ ಕ್ರೇನಿನಿಂದ ಹಾರ ಹಾಕುವುದು ಈಗ ರೂಢಿ. ಕಬ್ಬಿಣದ ಪೈಪನ್ನು ಬಳೆಯಂತೆ ಬಾಗಿಸಿ, ಅದಕ್ಕೆ ಚೆಂಡು ಹೂ ಸುತ್ತಿ, ಹೈಡ್ರಾ ಎಂದು ಕರೆಯುವ ಗಾಲಿಯ ಕ್ರೇನಿನ ಕೊಕ್ಕೆಗೆ ನೇತುಹಾಕುತ್ತಾರೆ. ನಾಯಕರು ತೆರೆದ ಜೀಪಿನಲ್ಲಿ ಕೆಳಗೆ ಬಂದು ನಿಲ್ಲುತ್ತಾರೆ. ಯಾರ ಹಾರ ಮೊದಲು ಬೀಳುತ್ತದೋ ತಾಲೂಕು ಅವರದು. ಇದನ್ನು ಯಾವ ನಿಯಮದಲ್ಲೂ ಬರೆದಿಲ್ಲ, ಆದರೆ ಇದನ್ನು ತಿಳಿಯದ ಕಾರ್ಯಕರ್ತನೂ ಇಲ್ಲ.

"ಗೌಡ್ರ, ನೀವು ಎರಡು ವರ್ಷ ಆಫೀಸಿನ ಕೀಲಿ ಕಾಯ್ದೀರಿ, ಖರೆ ಅದ. ಆದ್ರ ಕೀಲಿಗೆ ಯಾರೂ ಮತ ಹಾಕಂಗಿಲ್ಲ," ಎಂದ ದತ್ತಾ ಶೇಟ್.

"ಹೌದು ದತ್ತು. ನಾ ಕೀಲಿ ಕಾಯ್ದೆ ಅಂತ್ಲೇ ನಿನಗ ಪರತ ಬರಾಕ ಒಂದು ಬಾಗಿಲರ ಉಳೀತು," ಎಂದರು ಗೌಡರು.

ಶೇಟನ ಕಡೆಯ ಒಬ್ಬ ಕುರ್ಚಿ ಹಿಂದೆ ತಳ್ಳಿ ಎದ್ದ. ಆ ಹೊತ್ತಿಗೆ ಬಾಗಿಲ ಬಳಿ ಕೂತಿದ್ದ ಗಂಗೂಬಾಯಿ ಬಾಯಿ ಹಾಕಿದಳು. ಆಕೆ ಅಕ್ಕಲಕೋಟೆಯಲ್ಲಿ ಯಾತ್ರಿಕರಿಗೆ ಊಟ ಹಾಕುವ ಖಾನಾವಳಿ ನಡೆಸುತ್ತಿದ್ದಳು. ತಾಲೂಕಿನ ಮಹಿಳಾ ಘಟಕದ ಅಧ್ಯಕ್ಷೆ. ಮಹಿಳಾ ಘಟಕ ಮಾತ್ರ ಎಂದೂ ಒಡೆದಿರಲಿಲ್ಲ. ಯಾವ ಕಡೆ ಹೋಗುತ್ತೀರಿ ಎಂದು ಅವರನ್ನು ಯಾರೂ ಕೇಳಿಯೇ ಇರಲಿಲ್ಲ.

"ಎರಡೂ ಹಾರ ಕೂಡಿಸಿ ಒಂದ ಮಾಡ್ರಿ, ಲಗ್ನ ಮಾಡಿದಂಗ," ಎಂದಳು. "ಒಂದು ಕಡೆ ಹಗ್ಗ ಗೌಡ್ರ ಮಂದಿ ಹಿಡೀಲಿ, ಇನ್ನೊಂದು ಕಡೆ ಶೇಟ್ರ ಮಂದಿ ಹಿಡೀಲಿ. ನಡುವ ಅಧ್ಯಕ್ಷರು ನಿಂದ್ರಲಿ. ನಮಗರ ಊಟಕ್ಕ ಬಿಡ್ರಿ."

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಇಬ್ಬರೂ ಅದನ್ನೇ ಹಿಡಿದರು. ಕ್ರೇನಿಗೆ ತೂಗಿದ ಹಾರ ಗಾಳಿಗೆ ಅಲ್ಲಾಡದಂತೆ ಎರಡೂ ಬದಿಗೆ ಹಗ್ಗ ಕಟ್ಟಿ ಹಿಡಿಯುವುದು ಹೇಗೂ ಇದ್ದದ್ದೇ. ಆ ಹಗ್ಗಗಳು ಈಗ ಎರಡು ಗುಂಪಿನ ಪಾಲಾದವು. ಇಬ್ಬರೂ ಮಾಡಿಸಿದ್ದ ಪೈಪಿನ ಬಳೆಗಳನ್ನು ತಂತಿಯಿಂದ ಬಿಗಿದು ಒಂದು ಮಾಡುವುದೆಂದು ನಿಶ್ಚಯವಾಯಿತು. ತೂಕ ಎರಡು ಪಟ್ಟಾಗುತ್ತದೆ ಎಂದು ಆ ಕೋಣೆಯಲ್ಲಿ ಯಾರೂ ಯೋಚಿಸಲಿಲ್ಲ. ಎಲ್ಲರಿಗೂ ಅಳೆಯಬೇಕಾದದ್ದು ಬೇರೆಯೇ ಇತ್ತು.

ಮೇಳಾವದ ದಿನ ಮಧ್ಯಾಹ್ನದ ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಸೊಲ್ಲಾಪುರದ ಕಡೆಯಿಂದ ಊರೊಳಗೆ ಬರುವ ರಸ್ತೆಯ ಬಲಕ್ಕೆ ಗೌಡರ ಚಪ್ಪರ, ಎಡಕ್ಕೆ ಶೇಟನ ಚಪ್ಪರ. ಎಡ ಬಲ ಎಂದು ನಾನು ಹೇಳುವುದೆಲ್ಲ ಅಧ್ಯಕ್ಷರ ಜೀಪು ಬರುವ ದಿಕ್ಕಿನಿಂದ ನೋಡಿದಂತೆ. ರಸ್ತೆಯ ಎಡ ಅರ್ಧವನ್ನು ನೀರಿನ ಪೈಪಿಗಾಗಿ ಅಗೆದು ಮಣ್ಣು ಮುಚ್ಚಿದ್ದರು, ಮೇಲೆ ಅಲ್ಲಲ್ಲಿ ಕಲ್ಲುಚಪ್ಪಡಿ ಹಾಸಿದ್ದರು. ಬಲ ಅರ್ಧ ಗಟ್ಟಿಯಾಗಿತ್ತು. ಕ್ರೇನ್ ನಡೆಸುವವನು ಸಹಜವಾಗಿಯೇ ಗಟ್ಟಿ ಅರ್ಧದಲ್ಲಿ ನಿಲ್ಲಿಸಿದ.

ಶೇಟನ ಹುಡುಗರು ಓಡಿ ಬಂದರು. "ಏ, ಹಾರ ಪೂರ್ತಿ ಅವರ ಕಡೆ ಹೋತಲ್ಲ. ಸರಸು, ಇತ್ತ ಸರಸು."

ಅವನು ಸ್ವಲ್ಪ ಎಡಕ್ಕೆ ಸರಿಸಿದ. ಗೌಡರ ಕಡೆಯವರು ಕೂಗಿದರು, "ಸಾಕು, ಸಾಕು. ಮನಿತನಕ ಒಯ್ತಿ ಏನು?" ಒಬ್ಬ ಎರಡೂ ಚಪ್ಪರದ ಕಂಬದಿಂದ ಹೆಜ್ಜೆ ಹಾಕಿ ಅಳೆದ. ಇನ್ನೊಬ್ಬ ಅವನ ಕಾಲು ಉದ್ದ ಎಂದು ತಾನು ಅಳೆದ. ಕೊನೆಗೆ ಕ್ರೇನ್ ಸರಿಯಾಗಿ ರಸ್ತೆಯ ನಡುವೆ ನಿಂತಿತು. ಅದರ ಬಲಗಾಲಿಗಳು ಡಾಂಬರಿನ ಮೇಲೆ, ಎಡಗಾಲಿಗಳು ಮುಚ್ಚಿದ ಅಗೆತದ ಮೇಲೆ. ಯಾರಿಗೂ ಅನ್ಯಾಯವಾಗಲಿಲ್ಲ ಎಂದು ಎಲ್ಲರೂ ಒಪ್ಪಿದರು. ನೆಲದ ಅಭಿಪ್ರಾಯ ಯಾರಿಗೂ ಬೇಕಿರಲಿಲ್ಲ.

ಗಂಗೂಬಾಯಿ ಮತ್ತು ಅವಳ ಹೆಂಗಸರು ಆರತಿ ತಾಟು ಹಿಡಿದು ಕ್ರೇನಿನ ಮುಂದೆ ಸಾಲಾಗಿ ನಿಂತರು. ಜನ ನುಗ್ಗದಿರಲಿ ಎಂದು ಎರಡೂ ಬದಿಗೆ ಬಿದಿರು ಕಟ್ಟಿದ್ದೆವು. ನಾನೂ ಅವರೊಂದಿಗೇ ಇದ್ದೆ, ಸಾಲು ಸರಿಪಡಿಸುತ್ತ. ಜೀಪು ಬಂದು ನಮ್ಮ ಮುಂದೆ ನಿಂತಿತು, ಅದರ ಹಿಂದೆ ಗುಂಪು ಗೋಡೆಯಂತೆ ಕಟ್ಟಿಕೊಂಡಿತು. ಅಂದರೆ ನಮ್ಮ ಮುಂದೆ ಜೀಪು, ಹಿಂದೆ ಕ್ರೇನ್, ಎಡಬಲಕ್ಕೆ ಬಿದಿರು, ಮೇಲೆ ಹಾರ. ಇದನ್ನು ಈಗ ಇಷ್ಟು ಸ್ಪಷ್ಟವಾಗಿ ಹೇಳಬಲ್ಲೆ, ಏಕೆಂದರೆ ಮನಸ್ಸಿನಲ್ಲಿ ಆ ಚೌಕವನ್ನು ದಿನಕ್ಕೊಮ್ಮೆ ಬಿಡಿಸುತ್ತೇನೆ. ಆಗ ತಿಳಿದದ್ದು ಡೀಜೆಯ ಸದ್ದು ಎದೆಗೆ ಬಡಿಯುತ್ತಿದೆ ಎಂಬುದಷ್ಟೇ.

ಹಾರ ಇಳಿಯತೊಡಗಿತು. ಅಧ್ಯಕ್ಷರು ಕೈಮುಗಿದು ಮೇಲೆ ನೋಡಿದರು. ಫೋಟೋದಲ್ಲಿ ಅವರು ತಮ್ಮ ಕಡೆ ವಾಲಿದಂತೆ ಕಾಣಲಿ ಎಂದು ಶೇಟನ ಹುಡುಗರು ಹಗ್ಗವನ್ನು ಸ್ವಲ್ಪ ಎಳೆದರು. ಗೌಡರ ಜನ ತಮ್ಮ ಹಗ್ಗವನ್ನು ಸ್ವಲ್ಪ ಎಳೆದರು. ಆ ಸ್ವಲ್ಪಕ್ಕೆ ಈ ಸ್ವಲ್ಪ. ನೋಡುತ್ತಿದ್ದಂತೆ ಎರಡೂ ಕಡೆ ಗಂಡಸರು ಹಿಮ್ಮಡಿ ಊರಿ ಎಳೆಯುತ್ತಿದ್ದರು, ಮುಖದಲ್ಲಿ ಇನ್ನೂ ನಗು ಇತ್ತು.

ಆಗ ಕ್ರೇನ್ ಎಡಕ್ಕೆ ವಾಲಿತು.

ಎಡಗಾಲಿಯ ಕೆಳಗಿನ ಚಪ್ಪಡಿ ಮುರಿದು ಗಾಲಿ ಅರ್ಧ ಮಣ್ಣಿಗಿಳಿದಿತ್ತು. ಹಾರ ಎಡಕ್ಕೆ ಜೀಕಿ, ತಡೆದು ನಿಂತಿತು. ತಡೆದದ್ದು ಬಲಗಡೆಯ ಹಗ್ಗ. ಅರ್ಥ ಮಾಡಿಕೊಳ್ಳಲು ಎಂಜಿನಿಯರ್ ಆಗಬೇಕಿರಲಿಲ್ಲ. ಹಾರ ಇನ್ನಷ್ಟು ಎಡಕ್ಕೆ ಹೋದರೆ ಅದರ ಭಾರಕ್ಕೆ ಕ್ರೇನೇ ಉರುಳುತ್ತದೆ. ಗೌಡರ ಜನ ಬಿಗಿಯಾಗಿ ಹಿಡಿಯಬೇಕು, ಶೇಟನ ಜನ ಎಳೆಯುವುದನ್ನು ನಿಲ್ಲಿಸಿ ನಿಧಾನವಾಗಿ ಸಡಿಲಿಸಬೇಕು. ಒಮ್ಮೆಲೇ ಬಿಟ್ಟರೆ ಹಾರ ಬಲಕ್ಕೆ ಹೋಗಿ ಮತ್ತೆ ಎಡಕ್ಕೆ ಬೀಸುತ್ತದೆ. ಹಾರವನ್ನು ನೆಲಕ್ಕಿಳಿಸೋಣವೆಂದರೆ ಕೆಳಗೆ ನಾವಿದ್ದೆವು.

ನಾನು ಎರಡೂ ಕೈ ಬೀಸಿದೆ. ಡೀಜೆಯವನು ಹೇಗೋ ಕಂಡು ಸದ್ದು ನಿಲ್ಲಿಸಿದ. ಆ ಮೌನದಲ್ಲಿ ಮಣ್ಣೊಳಗೆ ಕಲ್ಲು ಜರುಗುವ ಸದ್ದು ಕೇಳಿಸಿತು. ಬಲಬದಿಯ ಬಿದಿರಿನಾಚೆಯಿಂದ ಗೌಡರು ಕೂಗಿದರು.

"ಬಿಡ್ರಿ. ಏ ಹುಡುಗ್ರ, ಎಳೀಬ್ಯಾಡ್ರಿ, ಸಡ್ಲ ಬಿಡ್ರಿ."

ಶೇಟನ ಹುಡುಗರು ಅದನ್ನು ಕೇಳಿದರು. ಕೇಳಿ ಇನ್ನೂ ಗಟ್ಟಿಯಾಗಿ ಎಳೆದರು.

ಇದನ್ನು ನಾನು ಹೊರಗಿನವರಿಗೆ ಹೇಳಿದಾಗ ಅವರು ನಂಬುವುದಿಲ್ಲ. ಕ್ರೇನ್ ವಾಲಿದ್ದು ಕಾಣಲಿಲ್ಲವೇ ಎನ್ನುತ್ತಾರೆ. ಹಗ್ಗ ಹಿಡಿದವರ ಕಣ್ಣು ಕ್ರೇನಿನ ಮೇಲಿರಲಿಲ್ಲ, ಎದುರಿನವರ ಕೈ ಮೇಲಿತ್ತು. ಎರಡು ವರ್ಷದಿಂದ ಗೌಡರ ಪ್ರತಿ ಮಾತನ್ನೂ ಅವರು ತಿರುಗಿಸಿ ನೋಡಿ ಅಭ್ಯಾಸವಾಗಿತ್ತು. ತಾವು ಹಿಡಿದುಕೊಂಡು ನಮಗೆ ಬಿಡು ಎನ್ನುತ್ತಾರೆ ಎಂದರೆ ಅದರ ಅರ್ಥವೊಂದೇ, ಹಾರವನ್ನು ತಮ್ಮ ಕಡೆ ಎಳೆದುಕೊಳ್ಳುವ ಉಪಾಯ. ಮುಂದಿದ್ದವನು ನಕ್ಕು ಹೇಳಿದ್ದೂ ನನ್ನ ಕಿವಿಯಲ್ಲಿದೆ: "ಮುದುಕ ಭಾಳ ಶಾಣ್ಯಾ ಆಗ್ಯಾನ."

ಗಂಗೂಬಾಯಿ ಮೇಲೆ ನೋಡುತ್ತ, "ಅಕ್ಕಾರ, ಇದು ನಮ್ಮ ಮ್ಯಾಲೇ ಬರಾಕತ್ತದ," ಎಂದಳು, ಸಾರು ಉಕ್ಕುತ್ತಿದೆ ಎಂದು ಹೇಳುವಂಥ ಧ್ವನಿಯಲ್ಲಿ. ಬಿದಿರಿನ ಕೆಳಗೆ ನುಸುಳಲು ಹೋದ ಒಬ್ಬಳ ಸೆರಗಿಗೆ ದೀಪ ತಗುಲಿತು, ಪಕ್ಕದವಳು ಅಂಗೈಯಿಂದ ತಟ್ಟಿ ಆರಿಸಿದಳು. ಎಲ್ಲರೂ ಒಟ್ಟಿಗೆ ನುಗ್ಗಿದ್ದರೆ ತುಳಿತಕ್ಕೇ ಸಾಯುತ್ತಿದ್ದೆವು.

ಗೌಡರು ಮತ್ತೆ ಕೂಗಲಿಲ್ಲ. ತಮ್ಮ ಜನರ ಕಡೆ ತಿರುಗಿದರು.

"ಗಟ್ಟಿ ಹಿಡೀರಿ. ಇನ್ನ ನಾ ಏನೂ ಹೇಳಂಗಿಲ್ಲ. ದತ್ತು ಹೇಳ್ತಾನ. ಅಂವ ಹಿಡಿ ಅಂದ್ರ ಹಿಡೀರಿ, ಬಿಡು ಅಂದ್ರ ಬಿಡ್ರಿ."

"ಗೌಡ್ರ, ಅವನ ಮಾತು ನಾವು ಕೇಳೂದ?" ಎಂದ ಹಗ್ಗದ ಮುಂದಿದ್ದವನು.

"ಕೇಳೂದ."

ಅವರು ಬಗ್ಗಿ ಬಿದಿರು ದಾಟಿ ಒಳಗೆ ಬಂದರು. ಕೈಮುಗಿದುಕೊಂಡು, ಹಾರದ ನೇರ ಕೆಳಗಿನಿಂದ, ನಮ್ಮ ಸಾಲಿನ ನಡುವಿನಿಂದ ನಡೆದು ಎಡಬದಿಗೆ ಹೋದರು. ಅವಸರ ಮಾಡಲಿಲ್ಲ. ಓಡಿದ್ದರೆ ಆ ಹುಡುಗರು ಹೊಡೆಯಲು ಬಂದರೆಂದೇ ತಿಳಿಯುತ್ತಿದ್ದರು. ಎಡಬಿದಿರಿನ ಹತ್ತಿರ, ಇನ್ನೂ ಹಾರದ ಕೆಳಗೇ, ನಿಂತರು. ಆಚೆ ದತ್ತಾ ಶೇಟ್ ಇದ್ದ.

"ದತ್ತು, ನಾ ಇಲ್ಲೇ ನಿಂತೀನಿ. ಇದು ಬಿದ್ರ ಮೊದಲ ನನ್ನ ಮ್ಯಾಲ ಬೀಳ್ತದ. ನನ್ನ ಮಂದಿ ನಿನ್ನ ಮಾತು ಕೇಳ್ತಾರ. ಮ್ಯಾಲ ನೋಡಿ ಹೇಳು."

ಶೇಟ್ ಆಗ ಮೊದಲ ಸಲ ಮೇಲೆ ನೋಡಿದ. ಲಾರಿ, ಕ್ರೇನ್ ಅವನಿಗೆ ಹೊಸದಲ್ಲ. ನೋಡಿದ ಮೇಲೆ ಅವನಿಗೆ ಯಾರೂ ತಿಳಿಸಿ ಹೇಳಬೇಕಾಗಲಿಲ್ಲ.

"ಎಳೀಬ್ಯಾಡ್ರಿ," ಎಂದು ತನ್ನವರಿಗೆ ಗದರಿಸಿದ. "ಹಳೂ ಹಳೂ ಸಡ್ಲ ಬಿಡ್ರಿ. ಒಮ್ಮೆ ಬಿಟ್ಟವನ ಕೈ ಮುರೀತೀನಿ." ಆಮೇಲೆ ರಸ್ತೆಯಾಚೆಗೆ, ಗಂಟಲು ಒಡೆದ ಧ್ವನಿಯಲ್ಲಿ: "ಗೌಡ್ರ ಮಂದಿ, ನೀವು ಹಿಡೀರಿ. ಬಿಗಿ ಬಿಡಬ್ಯಾಡ್ರಿ. ಹಾಂ, ಹಂಗ. ಹಂಗ ಇರ್ರಿ."

ಬಲಬದಿಯವರು ಹಿಡಿದರು. ಒಂದು ಕ್ಷಣ ಅವರೂ ಗೌಡರ ಮುಖ ನೋಡಿದರು. ಗೌಡರು ಅವರ ಕಡೆ ತಿರುಗಲೇ ಇಲ್ಲ. ತಿರುಗದೇ ಇದ್ದದ್ದರಿಂದಲೇ ಅವರು ಶೇಟನ ಮಾತು ಕೇಳಿದರು ಎಂದು ನನಗೆ ಈಗ ಅನ್ನಿಸುತ್ತದೆ. ಹಾರ ಅಂಗುಲ ಅಂಗುಲವಾಗಿ ನಡುವಿಗೆ ಬಂತು.

ಗೌಡರು ಒಂದು ಕೈಯಿಂದ ಬಿದಿರು ಎತ್ತಿ ಹಿಡಿದು ಹೆಂಗಸರನ್ನು ಒಬ್ಬೊಬ್ಬರಾಗಿ ಹೊರಗೆ ಕಳಿಸತೊಡಗಿದರು. ಶೇಟ್ ಆಚೆಯಿಂದ ಅವರ ಕೈಹಿಡಿದು ಎಳೆದುಕೊಳ್ಳುತ್ತಿದ್ದ, ಬಾಯಿಯಲ್ಲಿ ಮಾತ್ರ ಹಿಡೀರಿ, ಸಡ್ಲ ಬಿಡ್ರಿ, ಹಿಡೀರಿ ಎಂಬುದು ನಿಲ್ಲಲಿಲ್ಲ. ಅಧ್ಯಕ್ಷರನ್ನು ಯಾರೋ ಜೀಪಿನ ಹಿಂದಿನಿಂದ ಇಳಿಸಿಕೊಂಡರು. ಅವರ ಕೈ ಆಗಲೂ ಮುಗಿದೇ ಇತ್ತು. ಗಂಗೂಬಾಯಿ ತಾಟು ಬಿಡಲೊಲ್ಲಳು.

"ತಾಟು ಒಗೀರಿ ಬಾಯಾರ, ಬಗ್ಗರಿ," ಎಂದರು ಗೌಡರು.

"ಹಿತ್ತಾಳಿದು ಅದರಿ. ನಮ್ಮ ಅತ್ತಿದು."

"ಅತ್ತೀನ ಹಿಂದಿಂದ ಕರಸೂಣಂತ. ಮೊದಲ ನೀವು ಹೋಗ್ರಿ."

ಅವಳು ತಾಟಿನೊಂದಿಗೇ ನುಸುಳಿದಳು. ಅವಳ ಹಿಂದೆ ನಾನು, ನನ್ನ ಹಿಂದೆ ಗೌಡರು. ಕ್ರೇನಿನವನು ಕೊಕ್ಕೆ ಇಳಿಸಿದ. ಹಾರ ಎದೆಯೆತ್ತರಕ್ಕೆ ಬಂದಾಗ ಎರಡು ಬಳೆಗಳನ್ನು ಕೂಡಿಸಿದ್ದ ತಂತಿ ಹರಿದು ಒಂದು ಬಳೆ ಕಳಚಿ ಬಿತ್ತು. ನಾವು ನಿಂತಿದ್ದ ಜಾಗದಲ್ಲೇ ಬಿತ್ತು. ಪೈಪು ಡಾಂಬರಿಗೆ ಬಡಿದ ಸದ್ದು ದೊಡ್ಡದೇನಲ್ಲ. ಆದರೆ ಅದು ಬಿದ್ದು ಎರಡು ಸಲ ಪುಟಿದು ಜೀಪಿನ ಮುಂದಿನ ಗಾಜು ಒಡೆಯಿತು. ಭಾರ ಇಳಿದ ಮೇಲೆ ಕ್ರೇನ್ ಹಾಗೇ ಓರೆಯಾಗಿ ನಿಂತುಬಿಟ್ಟಿತು, ಉರುಳಲಿಲ್ಲ. ಯಾರೂ ಸಾಯಲಿಲ್ಲ. ಎರಡೂ ಕಡೆಯ ಗಂಡಸರ ಅಂಗೈ ಸುಲಿದಿದ್ದವು. ಕೆಲವರು ಚರಂಡಿಯ ಕಟ್ಟೆಯ ಮೇಲೆ ಕೂತು ಒಬ್ಬರ ಕೈ ಇನ್ನೊಬ್ಬರಿಗೆ ತೋರಿಸುತ್ತಿದ್ದರು. ಯಾವ ಗುಂಪಿನವರು ಯಾರೆಂದು ಆಗ ಗುರುತಿಸುವುದು ಕಷ್ಟವಿತ್ತು.

ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಮೇಳಾವ ಸಂಜೆ ನಡೆಯಿತು. ಇಂದು ನಾನು ಕಂಡದ್ದು ಒಂದೇ ಹಾರ, ಒಂದೇ ಪಕ್ಷ ಎಂದು ಅಧ್ಯಕ್ಷರು ಭಾಷಣ ಮಾಡಿದರು. ಕ್ರೇನಿನ ಮಾತು ಅಪಶಕುನವೆಂದು ಯಾರೂ ಎತ್ತಲಿಲ್ಲ. ಕಚೇರಿಯಿಂದ ಹೊರಡುವ ಪತ್ರಿಕಾ ಹೇಳಿಕೆಯಲ್ಲೂ ಅದು ಬೇಡವೆಂದು ಆದೇಶ ಬಂತು.

ಆದರೆ ಒಂದು ವಿಡಿಯೋ ಹರಿದಾಡತೊಡಗಿತು. ಯಾರೋ ಎದುರಿನ ಮಾಳಿಗೆಯಿಂದ ಜೂಮ್ ಮಾಡಿ ತೆಗೆದದ್ದು. ಅದರಲ್ಲಿ ಕ್ರೇನ್ ಇಲ್ಲ, ಹಾರವಿಲ್ಲ. ಮಾತಿನ ಬದಲು ಮೇಲೆ ಒಂದು ಹಾಡು ಹಾಕಿದ್ದರು. ಕಾಣುವುದು ಇಷ್ಟೇ: ಮುದುಕ ಗೌಡರು ಕೈಮುಗಿದುಕೊಂಡು ನಡೆದು ಬಂದು ದತ್ತಾ ಶೇಟನ ಮುಂದೆ ನಿಲ್ಲುತ್ತಾರೆ. ಕೆಳಗೆ ಮರಾಠಿಯಲ್ಲಿ ಒಂದು ಸಾಲು, ಗೌಡ ಶರಣು ಬಂದ ಎಂದು.

ತಾಲೂಕಿನಲ್ಲಿ ಪ್ರತಿ ಫೋನಿಗೂ ಅದು ತಲುಪಿತು. ಎರಡು ವರ್ಷ ಎಲ್ಲ ಕಳೆದುಕೊಂಡೂ ಬಾಗದವರು ಎಂಬ ಒಂದೇ ಕಾರಣಕ್ಕೆ ಜನ ಗೌಡರ ಹಿಂದೆ ನಿಂತಿದ್ದರು. ಅವರ ಬಳಿ ಇದ್ದದ್ದು ಆ ಹೆಸರೊಂದೇ. ಈಗ ಅವರ ಮನೆಯ ಕಟ್ಟೆ ಖಾಲಿಯಾಗತೊಡಗಿತು. ಹಗ್ಗ ಹಿಡಿದಿದ್ದವರಿಗೆ ನಿಜ ಗೊತ್ತಿತ್ತು, ಅವರು ಹೇಳಿದರೂ ಸಮಜಾಯಿಷಿ ಎಂದು ಜನ ನಕ್ಕರು.

ನಾನು ಎಸ್‌ಟಿ ಬಸ್ಸು ಹಿಡಿದು ಮೈಂದರ್ಗಿಗೆ ಹೋದೆ. ಗೌಡರು ಕಟ್ಟೆಯ ಮೇಲೆ ಒಬ್ಬರೇ ಕೂತು ಶೇಂಗಾ ಸುಲಿಯುತ್ತಿದ್ದರು.

"ನಾ ಕೆಳಗ ಇದ್ದೆ ಗೌಡ್ರ. ಎಲ್ಲಾ ಕಣ್ಣಾರೆ ನೋಡೀನಿ. ಒಂದು ಹೇಳಿಕಿ ಕೊಡ್ತೀನಿ, ಗಂಗೂಬಾಯಿನೂ ಕೊಡ್ತಾಳ. ನೀವು ಹೂಂ ಅನ್ರಿ," ಎಂದೆ.

ಅವರು ಸುಲಿದ ಕಾಳನ್ನು ನನ್ನ ಕಡೆ ಸರಿಸಿದರು.

"ಏನಂತ ಬರೀತೀರಿ? ಶೇಟನ ಮಂದಿ ಎಳದು ಎಳದು ಹೆಣ್ಣುಮಕ್ಕಳ ಜೀವಾ ತಗೀತಿದ್ರು, ಗೌಡ ಉಳಿಸಿದ, ಅಂತೇನು?"

"ಖರೆ ಅದಲ್ಲ ಅದು?"

"ಖರೆ ಅದ. ಬರದ ಮರುದಿನ ತಾಲೂಕಿನಾಗ ಮತ್ತ ಎರಡು ಆಫೀಸ ಆಗ್ತಾವ. ಫಾರ್ಮ್ ತುಂಬೂದು ಹತ್ರ ಬಂದದ. ಬ್ಯಾಡ." ಇನ್ನೊಂದು ಶೇಂಗಾ ಸುಲಿದು ಅಂದರು, "ಎಲೆಕ್ಷನ್ ಆದ ಮ್ಯಾಲ ಬೇಕಾದ್ದು ಬರೀರಿ. ಆವಾಗ ಯಾರಿಗೂ ಓದೂ ಪುರಸೊತ್ತು ಇರಂಗಿಲ್ಲ. ಆದ್ರ ದತ್ತು ಆವತ್ತ ಚಲೋ ಹೇಳಿದ ನೋಡ್ರಿ, ಹಿಡಿ ಬಿಡು ಅಂತ. ಇಪ್ಪತ್ತು ವರ್ಷ ನನ್ನ ಸಂಗಾಟ ಇದ್ದಾಗ ಒಂದರೆ ದಿನಾ ಅಷ್ಟು ನೆಟ್ಟಗ ಮಾತಾಡಿದ್ದಿಲ್ಲ."

ತಾಲೂಕಾಧ್ಯಕ್ಷರ ನೇಮಕದ ಸಭೆಯಲ್ಲಿ ದತ್ತಾ ಶೇಟನ ಹೆಸರು ಬಂತು. ಗೌಡರನ್ನು ಮಾರ್ಗದರ್ಶಕರು ಎಂದು ಘೋಷಿಸಿದರು. ಪಕ್ಷದ ಭಾಷೆಯಲ್ಲಿ ಮಾರ್ಗದರ್ಶಕರೆಂದರೆ ಫೋಟೋ ಇರುತ್ತದೆ, ಕುರ್ಚಿ ಇರುವುದಿಲ್ಲ. ಗೌಡರೇ ಎದ್ದು ಶೇಟನಿಗೆ ಉಪರಣೆ ಹೊದಿಸಿದರು. ಸಭೆ ಮುಗಿದ ಮೇಲೆ ಶೇಟ್ ನನ್ನ ಮೇಜಿನ ಹತ್ತಿರ ಬಂದು ನಿಂತ. ಏನೋ ಹೇಳಲು ಬಂದವನು ಪೇಪರ್‌ವೇಟ್ ಎತ್ತಿ ಇಟ್ಟ, ಮತ್ತೆ ಎತ್ತಿ ಇಟ್ಟ.

"ಮ್ಯಾಡಮ್, ಗೌಡ್ರು ನಡಕೋತ ಬರದಿದ್ರ ನಾ ಎಳೀರಿ ಅಂತಿದ್ದೆ. ಅದ ತಲ್ಯಾಗ ಕುಂತದ."

"ಹಂಗಾರ ಒಳಗ ಹೇಳಬೇಕಿತ್ತಲ್ರಿ, ಎಲ್ಲಾರ ಮುಂದ."

"ಹೇಳಿದ್ರ ನಾ ಮುಗದೆ."

"ಅವರು ಮುಗದ್ರಲ್ಲ."

ಹೊರಗೆ ಹುಡುಗರು ಪಟಾಕಿ ಹಚ್ಚಿದ್ದರು, ಅವನು ಅಲ್ಲಿಗೆ ಹೋದ.

ಚುನಾವಣೆ ಮುಗಿದಿದೆ. ತಾಲೂಕಿನಲ್ಲಿ ಪಕ್ಷ ಒಂದೇ ಪಟ್ಟಿಯಿಂದ ನಿಂತಿತು, ಕೆಲವು ಕಡೆ ಗೆದ್ದಿತು, ಕೆಲವು ಕಡೆ ಸೋತಿತು, ಒಡೆಯಲಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಬರೆದರೆ ಹಗುರಾಗಬಹುದೆಂದುಕೊಂಡಿದ್ದೆ, ಆಗುತ್ತಿಲ್ಲ. ಆ ಹುಡುಗರು ಕೆಟ್ಟವರಾಗಿದ್ದರೆ ಮರೆಯುವುದು ಸುಲಭವಿತ್ತು. ಸಾಲಿನಲ್ಲಿ ನಿಂತಿದ್ದ ಹೆಂಗಸರಲ್ಲಿ ಅವರ ತಾಯಿ, ಚಿಕ್ಕಮ್ಮಂದಿರೂ ಇದ್ದರು. ತಮ್ಮ ತಾಯಿಯ ತಲೆಯ ಮೇಲೆ ಕಬ್ಬಿಣ ತೂಗುತ್ತಿರುವಾಗಲೂ, ಬಿಡು ಎಂದವನು ಯಾರು ಎಂಬುದೇ ಅವರಿಗೆ ಮೊದಲು ಕೇಳಿಸಿತು. ಒಗ್ಗಟ್ಟಿನ ಸಭೆಗಳಲ್ಲಿ ನಾವು ಎಷ್ಟೋ ಮಾತುಗಳಿಗೆ ಒಪ್ಪಿಗೆ ಪಡೆಯುತ್ತೇವೆ. ಎದುರಿನವನು ನಿಲ್ಲಿಸು ಎಂದರೆ ಕೈ ನಿಲ್ಲುತ್ತದೆಯೇ ಎಂಬುದನ್ನು ಮಾತ್ರ ಕೇಳುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಆ ಒಂದು ಪ್ರಶ್ನೆ. ಅದಕ್ಕೆ ಉತ್ತರ ಸಿಗುವವರೆಗೆ ಒಂದೇ ವೇದಿಕೆ, ಒಂದೇ ಹಾರ ಎಂಬುದೆಲ್ಲ ಅಪಾಯವೇ.

ಕಳೆದ ತಿಂಗಳು ನಮ್ಮ ಜಿಲ್ಲೆಯದೇ ಇನ್ನೊಂದು ತಾಲೂಕಾದ ಮಂಗಳವೇಢೆಗೆ ಹೋಗಿದ್ದೆ. ಅಲ್ಲಿಯೂ ಎರಡು ಗುಂಪು. ಅಲ್ಲಿಯೂ ಜಂಟಿ ರ‍್ಯಾಲಿ ನಿಶ್ಚಯವಾಗಿತ್ತು. ಎಲ್ಲ ಒಪ್ಪಂದ ಮುಗಿದು ಚಹಾ ಬಂದಾಗ ನಾನು ಕೇಳಿದೆ, "ನಾಳೆ ರ‍್ಯಾಲ್ಯಾಗ ಅವರ ಕಡೀದವ ಯಾರರ ನಿಮಗ ನಿಲ್ಲಸರಿ ಅಂದ್ರ, ನೀವು ನಿಲ್ಲಸ್ತೀರೇನು?"

ಕೆಲವರು ಚಹಾ ಬಸಿಗೆ ಸುರುವಿಕೊಂಡರು. ಆಮೇಲೆ ಸಲಗರ ಬುದ್ರುಕದಿಂದ ಬಂದಿದ್ದ ವಯಸ್ಸಾದ ಕಾರ್ಯಕರ್ತನೊಬ್ಬ ಬಸಿಯಿಂದ ಬಾಯಿ ತೆಗೆದು ಹೇಳಿದ, "ಅದು ಹೇಳೂದು ಯಾರು ಅನ್ನೂದರ ಮ್ಯಾಲ ಬಾಯಾರ."

ರ‍್ಯಾಲಿ ಬೇಡವೆಂದು ಅಲ್ಲಿಂದಲೇ ಅಧ್ಯಕ್ಷರಿಗೆ ಫೋನ್ ಮಾಡಿದೆ. ನೀವು ಭಾಳ ಹೆದರುತ್ತೀರಿ ಎಂದು ಅವರು ಅಂದರು. ಹೌದು ಸರ್, ಹೆದರುತ್ತೇನೆ ಎಂದೆ. ಫೋನ್ ಇಟ್ಟು ಒಳಗೆ ಬಂದು, ಹೊರಡಲು ಎದ್ದಿದ್ದವರನ್ನು ಮತ್ತೆ ಕೂರಿಸಿ, ಅದೇ ಪ್ರಶ್ನೆಯನ್ನು ಮೊದಲಿನಿಂದ ಕೇಳಿದೆ.